ಕ್ಲಚ್ ಒತ್ತಿದ್ದು ಯಾರ ಕಾಲು?

ನಾನು ಕಾರು ಕಲಿಯಲು ಹೊರಟಾಗ ನನಗೆ 46 ವರ್ಷ. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಕೆಲಸ ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ, ವಿಜ್ಞಾನ ಶಿಕ್ಷಕಿಯಾಗಿ. ನಗರ ಸಾರಿಗೆ ಬಸ್ಸು, ಅಲ್ಲಿಂದ ಶ್ರೀರಂಗಪಟ್ಟಣದ ಬಸ್ಸು, ಆಮೇಲೆ ಸಿಕ್ಕಿದರೆ ಆಟೋ ಎಂದು ಹೋಗಿ ಬರುವುದರಲ್ಲೇ ದಿನದ ಮೂರು ಗಂಟೆ ಕರಗುತ್ತಿತ್ತು. ಯಜಮಾನರಿಗೆ ಕಲಬುರಗಿಗೆ ವರ್ಗವಾದ ಮೇಲೆ ಅವರ 2012ರ ವ್ಯಾಗನ್‌ಆರ್ ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿತ್ತು. ಬ್ಯಾಟರಿ ಸಾಯಬಾರದೆಂದು ವಾರಕ್ಕೊಮ್ಮೆ ಪಕ್ಕದ ಮನೆಯ ಹುಡುಗನನ್ನು ಕರೆದು ಹತ್ತು ನಿಮಿಷ ಸ್ಟಾರ್ಟ್ ಮಾಡಿಸುತ್ತಿದ್ದೆ. ನಮ್ಮದೇ ಕಾರಿನ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಬಾಗಿಲಲ್ಲಿ ನಿಂತು ನೋಡುವ ಆ ಹತ್ತು ನಿಮಿಷವೇ ಕೊನೆಗೆ ನನ್ನನ್ನು ಡ್ರೈವಿಂಗ್ ಸ್ಕೂಲಿಗೆ ಅಟ್ಟಿತು.

ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಸಿಕ್ಕಿದ ಮರುವಾರವೇ ತರಬೇತಿ ಶುರುವಾಯಿತು. ಎಲ್‌ಎಲ್‌ಆರ್ ಆರು ತಿಂಗಳು ಊರ್ಜಿತದಲ್ಲಿರುತ್ತದೆ, ಅದು ಕೈಗೆ ಬಂದು 30 ದಿನವಾದ ಮೇಲೆ ಚಾಲನಾ ಪರೀಕ್ಷೆಗೆ ಹೋಗಬಹುದು. ಸ್ಕೂಲಿನವರ ಲೆಕ್ಕವೂ ಅದಕ್ಕೆ ಸರಿಯಾಗಿ ಹೊಂದುವಂತೆ 21 ದಿನದ್ದಾಗಿತ್ತು. ಬೆಳಿಗ್ಗೆ ಅರ್ಧ ಗಂಟೆ, ಒಂದೇ ಕಾರಿನಲ್ಲಿ ಮೂವರು ಕಲಿಯುವವರು, ಪಕ್ಕದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ತರಬೇತುದಾರ. ಎರಡನೆಯ ವಾರದ ಹೊತ್ತಿಗೆ ಸರಸ್ವತಿಪುರಂ ರಸ್ತೆಗಳಲ್ಲಿ ಗೇರು ಬದಲಿಸಿಕೊಂಡು ಹೋಗುತ್ತಿದ್ದ ನನಗೆ ನಾನೇ ಶಹಭಾಸ್ ಹೇಳಿಕೊಂಡಿದ್ದೆ.

ಹದಿನೆಂಟನೆಯ ದಿನ ಅಗ್ರಹಾರ ವೃತ್ತದ ಹತ್ತಿರ ಆ ಹುಡುಗನಿಗೆ ಫೋನ್ ಬಂತು. ಜೇಬಿನಿಂದ ಮೊಬೈಲ್ ತೆಗೆಯಲು ಅವನು ಸೀಟಿನಲ್ಲಿ ಹಿಂದಕ್ಕೆ ಸರಿದು ಕಾಲು ಚಾಚಿದ್ದೇ ತಡ, ಕಾರು ಎರಡು ಸಲ ಕುಪ್ಪಳಿಸಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್ ಆಯಿತು. ಹಿಂದೆ ಒಂದು ಆಟೋ, ಅದರ ಹಿಂದೆ ನಗರ ಸಾರಿಗೆ ಬಸ್ಸು, ಸುತ್ತ ಲೆಕ್ಕವಿಲ್ಲದಷ್ಟು ಸ್ಕೂಟರುಗಳು ಒಟ್ಟಾಗಿ ಹಾರ್ನ್ ಹೊಡೆಯತೊಡಗಿದಾಗ ನನಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂಬುದೇ ಮರೆತುಹೋಯಿತು. ಅವನು ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ತನ್ನ ಕಡೆಯ ಪೆಡಲುಗಳ ಮೇಲೆ ಕಾಲಿಟ್ಟ ಕೂಡಲೇ ಕಾರು ಬೆಣ್ಣೆಯಂತೆ ಮುಂದೆ ಹೋಯಿತು. ತರಬೇತಿ ಕಾರುಗಳಲ್ಲಿ ಕಲಿಸುವವರ ಕಡೆಗೂ ಕ್ಲಚ್ ಮತ್ತು ಬ್ರೇಕ್ ಇರುತ್ತವೆ. ಇರಲೇಬೇಕು, ಅದು ಎಲ್ಲರ ಸುರಕ್ಷತೆಗೆ. ಆದರೆ ಹದಿನೇಳು ದಿನ ನಾನು ಓಡಿಸಿದೆನೆಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ಅವನ ಕಾಲು ಓಡಿಸಿತ್ತು. ನಾನು ಸ್ಟೀರಿಂಗ್ ಹಿಡಿದುಕೊಂಡಿದ್ದ ಪ್ರಯಾಣಿಕಳಾಗಿದ್ದೆ.

ಮೂರು ವಾರ ಕಾರಿನ ಹೊದಿಕೆ ತೆಗೆಯಲಿಲ್ಲ. ಆ ದಿನಗಳಲ್ಲಿ ನಾನು ಮಾಡಿದ ಒಂದೇ ಉಪಯುಕ್ತ ಕೆಲಸವೆಂದರೆ, ಮಗಳ ಹಳೆಯ ರಫ್ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ‘ಭಯ’ ಎಂದು ತಲೆಬರಹ ಕೊಟ್ಟು, ನನಗೆ ನಿಜವಾಗಿ ಯಾವುದರ ಭಯ ಎಂದು ಬರೆಯತೊಡಗಿದ್ದು. ‘ಟ್ರಾಫಿಕ್ ಭಯ’ ಎಂದು ಬರೆದು ಹೊಡೆದುಹಾಕಿದೆ, ಏಕೆಂದರೆ ಅದನ್ನು ಇಟ್ಟುಕೊಂಡು ಮಾಡುವುದೇನೂ ಇಲ್ಲ. ‘ಏರಿನಲ್ಲಿ ಕಾರು ಹಿಂದಕ್ಕೆ ಜಾರಿ ಬೈಕಿಗೆ ತಾಗುವುದು’, ‘ವೃತ್ತದೊಳಗೆ ಯಾವಾಗ ನುಗ್ಗಬೇಕೆಂದು ತಿಳಿಯದಿರುವುದು’, ‘ಎಡಗಡೆ ಎಷ್ಟು ಜಾಗವಿದೆಯೆಂದು ಕಾಣದಿರುವುದು’, ‘ನಾಲೆಯ ಪಕ್ಕದ ರಸ್ತೆ’, ಹೀಗೆ ಒಟ್ಟು ಹದಿನಾಲ್ಕು ಆದವು. ಓದಿ ನೋಡಿದಾಗ ಸ್ವಲ್ಪ ನಾಚಿಕೆಯೂ ಆಯಿತು. ಹದಿನಾಲ್ಕರಲ್ಲಿ ಆರು, ಪೆಟ್ಟು ಬೀಳುವ ಭಯವೇ ಅಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಬೈಯುತ್ತಾರೆ, ‘ಹೆಂಗಸು ಓಡಿಸ್ತಾ ಇದಾಳೆ ನೋಡು’ ಎನ್ನುತ್ತಾರೆ ಎಂಬ ಭಯ.

ಪಾಂಡವಪುರದ ಕಡೆಯ ನನ್ನ ಸೋದರಮಾವ ಮೂವತ್ತು ವರ್ಷ ಕೆಎಸ್‌ಆರ್‌ಟಿಸಿ ಬಸ್ಸು ಓಡಿಸಿ ನಿವೃತ್ತರಾದವರು. ಅವರಿಗೆ ಫೋನ್ ಮಾಡಿ, ಪಟ್ಟಿಯನ್ನು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಅದೆಲ್ಲ ಒಂದೇ ದಿನಕ್ಕೆ ಹೋಗಕಿಲ್ಲ ಕಣವ್ವ, ಭಾನುವಾರ ಬತ್ತೀನಿ ಬುಡು, ಕಾರಿಗೆ ವಸಿ ಪೆಟ್ರೋಲ್ ಹಾಕ್ಸಿ ಮಡಗಿರು’ ಎಂದರು.

ಭಾನುವಾರ ಬೆಳಗಿನ ಆರು ಗಂಟೆಗೆ ಲಲಿತ ಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದ ಕಡೆಗೆ ಅವರೇ ಕಾರು ಓಡಿಸಿಕೊಂಡು ಹೋದರು. ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ಅಕ್ಷರದ ಎಲ್ ಬೋರ್ಡು ಅಂಟಿಸಿ, ನನ್ನನ್ನು ಕೂರಿಸಿ, ಮೊದಲು ಸೀಟನ್ನೇ ಇಪ್ಪತ್ತು ನಿಮಿಷ ಸರಿಪಡಿಸಿದರು. ನಾನು ಐದಡಿಗೆ ಅರ್ಧ ಇಂಚು ಕಡಿಮೆ. ಸ್ಕೂಲಿನ ಕಾರಿನಲ್ಲಿ ಕ್ಲಚ್ಚನ್ನು ಪೂರ್ತಿ ಒತ್ತಬೇಕಾದರೆ ಸೊಂಟವೇ ಮುಂದಕ್ಕೆ ಜಾರುತ್ತಿತ್ತು. ಕ್ಲಚ್ ತಳ ಮುಟ್ಟಿದಾಗಲೂ ಮೊಣಕಾಲು ಸ್ವಲ್ಪ ಮಡಿಚಿಯೇ ಇರಬೇಕು, ಬೆನ್ನು ಸೀಟಿಗೆ ಒರಗಿರುವಾಗಲೇ ಮಣಿಕಟ್ಟು ಸ್ಟೀರಿಂಗ್‌ನ ನೆತ್ತಿಗೆ ಎಟುಕಬೇಕು. ಇಷ್ಟು ಆಗಲು ಕೆಳಗೊಂದು ಗಟ್ಟಿ ದಿಂಬು ಬೇಕಾಯಿತು. ದಿಂಬು ಬಂದ ಮೇಲೆ ಬಾನೆಟ್ಟಿನ ಎಡಮೂಲೆ ಮೊದಲ ಬಾರಿಗೆ ಕಂಡಿತು, ಪಟ್ಟಿಯಲ್ಲಿ ಒಂದು ಭಯ ಅಲ್ಲಿಯೇ ಅರ್ಧವಾಯಿತು. ಸೀರೆಯ ನೆರಿಗೆ ಕ್ಲಚ್ಚಿಗೆ ಸಿಕ್ಕಿಕೊಳ್ಳುವುದನ್ನು ಕಂಡು ಕಲಿಯುವಷ್ಟು ದಿನ ಚೂಡಿದಾರಕ್ಕೆ ಬದಲಾದೆ. ದಪ್ಪ ಅಟ್ಟೆಯ ಚಪ್ಪಲಿಯೂ ಮನೆಯಲ್ಲೇ ಉಳಿಯಿತು.

ಆ ದಿನದ ಪಾಠ ಒಂದೇ: ಆಕ್ಸಿಲರೇಟರ್ ಮುಟ್ಟದೆ ಕಾರನ್ನು ಕದಲಿಸುವುದು. ‘ಬಲಗಾಲ್ನ ಸುಮ್ನೆ ಬ್ರೇಕ್ ತಾವ ಮಡಗು. ಕ್ಲಚ್ಚ ವಸಿ ವಸಿನೇ ಬುಡು. ಗಾಡಿ ಅದಾಗೇ ಹೇಳ್ತದೆ.’ ಗಾಡಿ ಹೇಳುವುದೆಂದರೇನು ಎಂದು ತಿಳಿಯಲು ನನಗೆ ಒಂದು ಗಂಟೆ ಹಿಡಿಯಿತು. ಕ್ಲಚ್ ಒಂದು ಹಂತಕ್ಕೆ ಬಂದಾಗ ಇಂಜಿನ್ನಿನ ಸದ್ದು ಸ್ವಲ್ಪ ಇಳಿಯುತ್ತದೆ, ಪಾದದ ಕೆಳಗೆ ನಡುಕ ಹುಟ್ಟುತ್ತದೆ, ಆಮೇಲೆ ಕಾರು ತಾನಾಗಿ ತೆವಳುತ್ತದೆ. ಅಲ್ಲಿ ಕಾಲನ್ನು ಎರಡು ಎಣಿಸುವಷ್ಟು ಹೊತ್ತು ಹಾಗೆಯೇ ತಡೆದರೆ ಗಾಡಿ ಆಫ್ ಆಗುವುದಿಲ್ಲ. ಅವಸರದಲ್ಲಿ ಬಿಟ್ಟರೆ ಆಗುತ್ತದೆ. ಎಂಟನೆಯ ತರಗತಿಗೆ ಘರ್ಷಣೆಯ ಪಾಠ ಮಾಡಿದವಳು ನಾನು, ಇಂಜಿನ್ನಿನ ಕಡೆಯದೊಂದು, ಚಕ್ರಗಳ ಕಡೆಯದೊಂದು, ಹೀಗೆ ಜಾರುತ್ತಿರುವ ಎರಡು ತಟ್ಟೆಗಳು ಒಂದನ್ನೊಂದು ಹಿಡಿಯುವ ಕ್ಷಣ ಅದೆಂದು ನನಗೆ ಗೊತ್ತಿತ್ತು. ಆದರೆ ತಲೆಗೆ ಗೊತ್ತಿದ್ದದ್ದು ಪಾದಕ್ಕೆ ಇಳಿಯಲು ಅರವತ್ತು ಸಲವಾದರೂ ಬೇಕಾಯಿತು. ಸಂಖ್ಯೆಯನ್ನು ಉತ್ಪ್ರೇಕ್ಷೆಗೆ ಹೇಳುತ್ತಿಲ್ಲ. ಮಾವ ನೆಲದಲ್ಲಿ ಕಡ್ಡಿಯಿಂದ ಗೆರೆ ಎಳೆದು ಎಣಿಸಿದ್ದರು.

ಏರಿನ ಭಯಕ್ಕೆ ಅವರು ಕಂಡುಕೊಂಡ ಮದ್ದು ಬೆಂಕಿಪೊಟ್ಟಣ. ಚಾಮುಂಡಿ ಬೆಟ್ಟಕ್ಕೆ ಉತ್ತನಹಳ್ಳಿ ಕಡೆಯಿಂದ ಏರುವ ರಸ್ತೆಯಲ್ಲಿ, ಭಕ್ತರ ಸಂದಣಿಯಿರುವ ಮಂಗಳವಾರ, ಶುಕ್ರವಾರಗಳನ್ನು ಬಿಟ್ಟು, ಬೆಳಗಿನ ಹೊತ್ತು ಅಂಚಿನಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರಕ್ಕೆ ತಾಗಿದಂತೆ ಖಾಲಿ ಬೆಂಕಿಪೊಟ್ಟಣವೊಂದನ್ನು ಇಡುತ್ತಿದ್ದರು. ಕಾರು ಒಂದಂಗುಲ ಹಿಂದೆ ಸರಿದರೂ ಪೊಟ್ಟಣ ಅಪ್ಪಚ್ಚಿ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರು ಹಾಕಿ, ಕ್ಲಚ್ಚನ್ನು ಆ ನಡುಕದ ಹಂತಕ್ಕೆ ತಂದು, ತುಸು ಆಕ್ಸಿಲರೇಟರ್ ಕೊಟ್ಟರೆ ಬಾನೆಟ್ಟಿನ ಮೂತಿ ಕೂದಲೆಳೆಯಷ್ಟು ಮೇಲೇಳುತ್ತದೆ. ಅದು ಎದ್ದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹ್ಯಾಂಡ್‌ಬ್ರೇಕ್ ಇಳಿಸಬೇಕು. ಮೊದಲ ದಿನ ಒಂಬತ್ತು ಪೊಟ್ಟಣಗಳು ಹೋದವು, ಎರಡನೆಯ ದಿನ ಮೂರು. ಹಾಗಿದ್ದೂ ಚಾಲನಾ ಪರೀಕ್ಷೆಯ ದಿನ ಏರಿನಲ್ಲಿಯೇ ಕಾರು ಹಿಂದೆ ಜಾರಿ ನಾನು ನಪಾಸಾದೆ. ತಪ್ಪು ನನ್ನದೇ, ಅಧಿಕಾರಿಯ ಮುಖ ನೋಡುತ್ತಾ ಬಾನೆಟ್ಟು ನೋಡುವುದನ್ನು ಮರೆತಿದ್ದೆ. ಏಳು ದಿನ ಕಳೆದು ಮತ್ತೆ ಹೋದಾಗ ಪಾಸಾಯಿತು.

ಪರೀಕ್ಷೆಗೆ ಮೊದಲೇ ಶುರುವಾಗಿ ಆಮೇಲೂ ಎರಡು ತಿಂಗಳು ನಡೆದ ಇನ್ನೊಂದು ಅಭ್ಯಾಸ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾ ಓಡಿಸುವುದು. ‘ಮುಂದೆ ಆಟೋ, ಎಡಗಡೆ ನಿಲ್ಲಿಸಬಹುದು. ಬಲಕ್ಕೆ ಸ್ಕೂಟರ್, ಕನ್ನಡಿಯಲ್ಲಿದೆ. ತರಕಾರಿ ಗಾಡಿ, ಅದರ ಹಿಂದಿನಿಂದ ಯಾರಾದರೂ ಬರಬಹುದು.’ ಮೊದಮೊದಲು ಕ್ರಿಕೆಟ್ ವೀಕ್ಷಕ ವಿವರಣೆ ಕೊಡುವವಳಂತೆ ನನಗೇ ನಗು ಬರುತ್ತಿತ್ತು. ಆದರೆ ಇದರಲ್ಲಿ ಎರಡು ಲಾಭಗಳಿದ್ದವು. ಹೆದರಿದಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ, ಮಾತಾಡುವವರು ಉಸಿರು ಹಿಡಿಯಲಾಗುವುದಿಲ್ಲ. ಹಾಗೆಯೇ ಕಣ್ಣು ಬಾನೆಟ್ಟಿನ ಮುಂದಿನ ಹತ್ತಡಿಯಲ್ಲೇ ನೆಟ್ಟಿದ್ದರೆ ಹೇಳಲು ಏನೂ ಸಿಗುವುದಿಲ್ಲ, ಆದ್ದರಿಂದ ಅದು ತಾನಾಗಿ ದೂರ ಹೋಗುತ್ತದೆ. ನಾನು ಮೌನವಾದ ಕೂಡಲೇ ಮಾವ ಬಲಗೈಯನ್ನು ಹ್ಯಾಂಡ್‌ಬ್ರೇಕಿನ ಹತ್ತಿರ ಒಯ್ಯುತ್ತಿದ್ದರು. ನನ್ನ ಗಾಬರಿ ನನಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು.

ಮೈಸೂರಿನಲ್ಲಿ ವೃತ್ತಗಳಿಲ್ಲದ ದಾರಿ ಹುಡುಕುವುದು ಕಷ್ಟ. ಒಳಗೆ ಸುತ್ತುತ್ತಿರುವ ವಾಹನಕ್ಕೆ ಹೊರಗಿನಿಂದ ಬರುವವರು ದಾರಿ ಬಿಡಬೇಕೆಂದು 2017ರ ಚಾಲನಾ ನಿಯಮಗಳು ಹೇಳುತ್ತವೆ, ಆದರೆ ಹೊರಗಿನಿಂದ ನುಗ್ಗುವವರಲ್ಲಿ ಹೆಚ್ಚಿನವರು ಅದನ್ನು ಓದಿದಂತೆ ಕಾಣುವುದಿಲ್ಲ. ಮಾವನ ಉಪಾಯ ಸರಳವಾಗಿತ್ತು. ವೃತ್ತ ಇನ್ನೂ ದೂರವಿರುವಾಗಲೇ ಎರಡನೆಯ ಗೇರಿಗೆ ಇಳಿಯುವುದು, ಬಲಕ್ಕೆ ನೋಡುವುದು, ಜಾಗವಿಲ್ಲದಿದ್ದರೆ ಪೂರ್ತಿ ನಿಂತು ಮೊದಲ ಗೇರು ಹಾಕಿಕೊಂಡೇ ಕಾಯುವುದು. ಹಿಂದಿನವರು ಹಾರ್ನ್ ಹೊಡೆದರೆ? ‘ಹೊಡ್ಕಳ್ಳಿ ಬುಡವ್ವ. ಅವನ ಹಾರನ್ನು, ಅವನ ಬ್ಯಾಟ್ರಿ.’ ಪಟ್ಟಿಯಲ್ಲಿದ್ದ ಆರು ಭಯಗಳಿಗೂ ಸೇರಿ ಅವರು ಕೊಟ್ಟ ಉತ್ತರ ಅದೊಂದೇ. ಲೈಸೆನ್ಸ್ ಬಂದ ಮೇಲೂ ಒಂದು ತಿಂಗಳು ಎಲ್ ಬೋರ್ಡನ್ನು ತೆಗೆಯಲಿಲ್ಲ. ಹಾಗೆ ಇಟ್ಟುಕೊಳ್ಳಬೇಕೆಂದೇನೂ ಇಲ್ಲ. ಆದರೆ ಅದನ್ನು ಕಂಡವರು ನಾಲ್ಕು ಮಾರು ದೂರ ಉಳಿಯುತ್ತಿದ್ದರು, ನನಗೆ ಬೇಕಾಗಿದ್ದದ್ದೂ ಅಷ್ಟೇ.

ನಗರ ದಾಟಿದ ಮೇಲಿನ ಪಾಠಗಳು ಬೇರೆ. ಕಬ್ಬಿನ ಕಾಲದಲ್ಲಿ ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆಯ ಮುಕ್ಕಾಲು ಭಾಗ ತುಂಬಿಕೊಂಡು ಹೋಗುತ್ತವೆ. ಹಿಂದೆ ಕೆಂಪು ದೀಪವಿಲ್ಲ, ಜಲ್ಲೆಗಳ ತುದಿಗಳು ಎರಡೂ ಕಡೆ ಚಾಚಿಕೊಂಡು ನಮ್ಮ ಕನ್ನಡಿಯನ್ನು ಸವರುವಷ್ಟು ಹತ್ತಿರ ತೂಗಾಡುತ್ತವೆ. ಮೊದಲ ಸಲ ಅಂಥದ್ದರ ಹಿಂದೆ ಆರು ಕಿಲೋಮೀಟರ್ ತೆವಳಿದೆ. ಮಾವ ಒಂದು ಮಾತೂ ಆಡಲಿಲ್ಲ. ಹಿಂದಿಕ್ಕಲು ಒತ್ತಾಯ ಮಾಡದ ಆ ಮೌನಕ್ಕೆ ನಾನು ಇಂದಿಗೂ ಋಣಿ, ಏಕೆಂದರೆ ಟ್ರೈಲರಿಗೆ ಅಂಟಿಕೊಂಡಷ್ಟೂ ಎದುರಿನ ರಸ್ತೆ ಕಾಣುವುದಿಲ್ಲ, ಹಿಂದೆ ಉಳಿದಷ್ಟೂ ಕಾಣುತ್ತದೆ ಎಂಬುದು ನನಗೆ ಆ ಆರು ಕಿಲೋಮೀಟರಿನಲ್ಲಿ ತಾನಾಗಿ ಹೊಳೆಯಿತು. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್; ಮೂರು ಸೆಕೆಂಡಿನ ಅಂತರ ಬೇಕೆಂದರೆ 33 ಮೀಟರ್. ತರಗತಿಯಲ್ಲಿ ಬೋರ್ಡಿನ ಮೇಲೆ ಮಾಡಿಸುವ ಲೆಕ್ಕ ಅದು. ವೇಗ ಎರಡು ಪಟ್ಟಾದರೆ ಬ್ರೇಕ್ ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ವರ್ಷವರ್ಷ ಹೇಳಿದ್ದೇನೆ. ಈಗ ಹೇಳುವಾಗ ಟ್ರೈಲರಿನ ಜಲ್ಲೆಗಳು ಕಣ್ಣಮುಂದೆ ಬರುತ್ತವೆ.

ಸುಗ್ಗಿಯಲ್ಲಿ ಹಳ್ಳಿಯ ರಸ್ತೆಗಳೇ ಕಣವಾಗುತ್ತವೆ. ಹುರುಳಿ, ರಾಗಿ ಹರಡಿ ನಮ್ಮ ಚಕ್ರಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಅದರ ಮೇಲೆ ಜೋರಾಗಿ ಬ್ರೇಕ್ ಹಾಕಿದರೆ ಕಾರು ಜಾರುತ್ತದೆ, ಒಣ ಸೊಪ್ಪು ಕೆಳಗೆ ಸುತ್ತಿಕೊಂಡು ಬಿಸಿಗೆ ಬೆಂಕಿ ಹತ್ತುವುದೂ ಉಂಟು. ವೇಗವನ್ನು ಮೊದಲೇ ಇಳಿಸಿ, ಸ್ಟೀರಿಂಗ್ ನೆಟ್ಟಗೆ ಹಿಡಿದು ದಾಟಿ, ಮುಂದೆ ನಿಲ್ಲಿಸಿ ಬಗ್ಗಿ ನೋಡುತ್ತೇನೆ.

ನಾಲೆಯ ಭಯ ಮಾತ್ರ ಪಟ್ಟಿಯಲ್ಲಿದ್ದ ಬೇರೆ ಯಾವುದರಂತೆಯೂ ಅಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ಸು ಬಿದ್ದು 30 ಜನ ಹೋದರು. ಆ ಸುದ್ದಿ ಈ ಭಾಗದ ಮನೆಮನೆಯಲ್ಲೂ ಇನ್ನೂ ಕುಳಿತಿದೆ. ನಾಲೆಯ ಏರಿಯ ಮೇಲೆ ಮೊದಲ ಸಲ ಹೋದಾಗ ನಾನು ನೀರನ್ನೇ ನೋಡುತ್ತಿದ್ದೆ, ಕಾರು ಮೆಲ್ಲಗೆ ನೀರಿನ ಕಡೆಗೇ ವಾಲುತ್ತಿತ್ತು. ‘ನೀರ್ನ ನೋಡ್ಬ್ಯಾಡ, ದಾರಿ ಎಲ್ಲಿಗೆ ಹೋಯ್ತದೆ ಅದ ನೋಡು’ ಎಂದು ಮಾವ ಮೊದಲ ಬಾರಿಗೆ ಗದರಿದರು. ಕಣ್ಣು ಹೋದ ಕಡೆಗೆ ಕೈ ಹೋಗುತ್ತದೆ. ದೂರದ ತಿರುವಿನಲ್ಲಿದ್ದ ಹೊಂಗೆಮರವೊಂದನ್ನು ಹಿಡಿದು ನೋಡುತ್ತಾ ಹೋದೆ, ಕಾರು ನೆಟ್ಟಗಾಯಿತು. ಆ ಭಯವನ್ನು ನಾನು ಹೊಡೆದುಹಾಕಿಲ್ಲ. ನಾಲೆಯ ಪಕ್ಕ 30ಕ್ಕಿಂತ ಹೆಚ್ಚು ವೇಗ ಹೋಗದಂತೆ ಅದು ತಡೆಯುವುದಾದರೆ ಇರಲಿ ಎಂದು ಬಿಟ್ಟಿದ್ದೇನೆ.

ಒಬ್ಬಳೇ ಶಾಲೆಗೆ ಹೋದ ಮೊದಲ ದಿನ ವಿಶೇಷವೇನೂ ನಡೆಯಲಿಲ್ಲ. ಶ್ರೀರಂಗಪಟ್ಟಣದ ಸೇತುವೆ ಬರುವವರೆಗೆ ಬಾಯಿಬಿಟ್ಟು ಮಾತಾಡುತ್ತಲೇ ಇದ್ದೆ, ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ವಿಚಿತ್ರವಾಗಿ ನೋಡಿದ. ಮನೆಯಿಂದ ಶಾಲೆಗೆ ನಲವತ್ತೆರಡು ನಿಮಿಷ, ಎರಡು ಸಲ ಆಫ್ ಆಯಿತು, ಎರಡೂ ಸಲ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಸ್ಟಾರ್ಟ್ ಮಾಡಿ ಹೋದೆ. ಹಿಂದಿನವರು ಹಾರ್ನ್ ಹೊಡೆದರು.

ಈಗ ಒಂದೂವರೆ ವರ್ಷವಾಗಿದೆ. ನೋಟ್‌ಬುಕ್ಕಿನಲ್ಲಿ ನಾಲೆಯನ್ನು ಬಿಟ್ಟರೆ ಇನ್ನೂ ಎರಡು ಸಾಲುಗಳು ಹಾಗೆಯೇ ಉಳಿದಿವೆ. ಒಂದು, ರಾತ್ರಿ ಎದುರಿನವರು ಹೈ ಬೀಮ್ ಇಳಿಸದೆ ಬರುವಾಗ ರಸ್ತೆಯ ಎಡ ಅಂಚು ಕಣ್ಣಿಗೆ ಕಾಣದಾಗುವುದು. ಅದಕ್ಕಾಗಿ ಕತ್ತಲಾಗುವ ಮೊದಲೇ ಊರು ಸೇರುತ್ತೇನೆ. ಇನ್ನೊಂದು, ಮಾವನ ಮನೆಯ ಓಣಿಯೊಳಗೆ, ಒಂದು ಕಡೆ ಜಗಲಿ, ಇನ್ನೊಂದು ಕಡೆ ಚರಂಡಿ ಇರುವಲ್ಲಿ, ರಿವರ್ಸ್ ಹೋಗುವುದು. ಹಬ್ಬಕ್ಕೆ ಹೋದಾಗೆಲ್ಲ ಊರ ಮುಂದಿನ ಮಾರಿಗುಡಿಯ ಬಯಲಿನಲ್ಲಿ ಕಾರು ನಿಲ್ಲಿಸಿ, ಹಣ್ಣಿನ ಚೀಲ ಹಿಡಿದು ನಡೆದೇ ಮನೆಗೆ ಹೋಗುತ್ತೇನೆ.