ಅಮೆರಿಕದಲ್ಲಿ ಎಸ್‌ಎಸ್‌ಐ: ಕಾಗದ ಆಮೇಲೆ, ಮೊದಲು ತಾರೀಖು

ಅಪ್ಪ ಅಮ್ಮನಿಗೆ ವಯಸ್ಸಾಗಿದೆ, ಅವರದು ಅಂತ ಕೈಯಲ್ಲಿ ಕಾಸಿಲ್ಲ. ಅಥವಾ ಮನೆಯಲ್ಲೊಬ್ಬರು ಕಾಯಿಲೆ ಬಿದ್ದು ದುಡಿಯೋಕೆ ಆಗುತ್ತಿಲ್ಲ. ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲೂ ಈ ಕಷ್ಟ ಇದೆ. ಹೇಳಿಕೊಳ್ಳುವವರು ಕಡಿಮೆ, ಅಷ್ಟೇ. ಇಂಥವರಿಗೆಂದೇ ಅಲ್ಲಿ ಸರ್ಕಾರ ತಿಂಗಳು ತಿಂಗಳು ಹಣ ಕೊಡುವ ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್ ಅನ್ನುವ ಯೋಜನೆ 1974ರಿಂದ ನಡೆಯುತ್ತಿದೆ. ಎಲ್ಲರ ಬಾಯಲ್ಲಿ ಅದು ಎಸ್‌ಎಸ್‌ಐ.

ಕೆಲವು ಮನೆಗಳಲ್ಲಿ ಈ ಅರ್ಜಿ ತುಂಬುವಾಗ ನಾನು ಜೊತೆಗೆ ಕೂತಿದ್ದೇನೆ. ಹೆಚ್ಚಿನವರು ಎಡವುವುದು ಒಂದೇ ಕಡೆ. ಕಾಗದ ಪತ್ರ ಎಲ್ಲ ಸೇರಲಿ, ಆಮೇಲೆ ಕೇಳೋಣ ಅಂತ ಸುಮ್ನೆ ತಿಂಗಳುಗಟ್ಟಲೆ ಕಾಯುತ್ತಾರೆ. ಕೇಳುವುದಕ್ಕಿಂತ ಹಿಂದಿನ ತಿಂಗಳುಗಳಿಗೆ ಎಸ್‌ಎಸ್‌ಐ ಒಂದು ಡಾಲರ್ ಕೂಡ ಕೊಡುವುದಿಲ್ಲ.

ಇವತ್ತೇ ಫೋನ್ ಮಾಡಿ

ಎಸ್‌ಎಸ್‌ಐ ನಡೆಸುವ ಸರ್ಕಾರಿ ಕಚೇರಿ ಸೋಷಿಯಲ್ ಸೆಕ್ಯುರಿಟಿ. ಅದರ ಉಚಿತ ನಂಬರ್ 1-800-772-1213. ಎಸ್‌ಎಸ್‌ಐಗೆ ಅರ್ಜಿ ಹಾಕಬೇಕು ಅಂತ ಹೇಳಿ. ನೀವು ಕೇಳಿದ ಆ ದಿನವನ್ನೇ ಅರ್ಜಿಯ ತಾರೀಖಾಗಿ ಹಿಡಿಯುತ್ತಾರೆ. ಆಮೇಲೆ ಅವರಿಂದ ಬರುವ ಪತ್ರದ ತಾರೀಖಿನಿಂದ 60 ದಿನದೊಳಗೆ ಅರ್ಜಿ ಪೂರ್ತಿ ಮಾಡಬೇಕು. ಹಣದ ಲೆಕ್ಕ ಶುರುವಾಗುವುದು ಮುಂದಿನ ತಿಂಗಳಿಂದ. ಮಾರ್ಚ್ 30ಕ್ಕೆ ಕೇಳಿದರೆ ಏಪ್ರಿಲ್‌ನಿಂದ, ಏಪ್ರಿಲ್ 2ಕ್ಕೆ ಕೇಳಿದರೆ ಮೇ ತಿಂಗಳಿಂದ. ಮೂರು ದಿನ ತಡವಾದರೆ ಒಂದು ತಿಂಗಳ ಹಣ ಹೋಯಿತು!

ಇಂಗ್ಲಿಷ್ ಸರಿಯಾಗಿ ಬರದವರು ದುಭಾಷಿ ಬೇಕು ಅಂತ ಕೇಳಬಹುದು. ಅದಕ್ಕೆ ದುಡ್ಡಿಲ್ಲ. ಕಚೇರಿಯವರ ಮುಂದೆ ಮಗ ಸೊಸೆಯೇ ಎಲ್ಲ ಹೇಳಬೇಕೆಂದಿಲ್ಲ. ಅಮ್ಮನ ಕಷ್ಟ ಅಮ್ಮನ ಮಾತಿನಲ್ಲೇ ಬಂದರೆ ಒಳ್ಳೆಯದು.

ಯಾರಿಗೆ ಸಿಗುತ್ತದೆ

65 ವರ್ಷ ತುಂಬಿರಬೇಕು, ಇಲ್ಲವೇ ದೃಷ್ಟಿ ಇರಬಾರದು, ಇಲ್ಲವೇ ಅಂಗವೈಕಲ್ಯ ಇರಬೇಕು. ಮೂರರಲ್ಲಿ ಒಂದು ಸಾಕು. ಜೊತೆಗೆ ಆದಾಯ, ಆಸ್ತಿ ಎರಡೂ ಕಡಿಮೆ ಇರಬೇಕು. 65 ದಾಟಿದವರು ಕಾಯಿಲೆಯನ್ನು ರುಜುವಾತು ಮಾಡಬೇಕಾಗಿಲ್ಲ.

ಪೌರತ್ವದ ವಿಷಯ ನಮ್ಮವರಿಗೆ ತುಂಬಾ ಮುಖ್ಯ. 1996ರ ಕಾನೂನು ಬಂದ ಮೇಲೆ ಗ್ರೀನ್ ಕಾರ್ಡ್ ಒಂದೇ ಸಾಲದು. ಸಾಮಾನ್ಯವಾಗಿ 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷದ ದುಡಿಮೆಯ ದಾಖಲೆ ಬೇಕು. ಗಂಡ ಅಥವಾ ಹೆಂಡತಿಯ ದುಡಿಮೆಯೂ ಇದಕ್ಕೆ ಸೇರಬಹುದು. ಗ್ರೀನ್ ಕಾರ್ಡ್ ಸಿಕ್ಕ ಮೊದಲ ಐದು ವರ್ಷ ಹೆಚ್ಚಿನವರಿಗೆ ಅವಕಾಶವೇ ಇಲ್ಲ. ಮಕ್ಕಳು ‘ಇವರ ಖರ್ಚು ನಮ್ಮದು’ ಅನ್ನುವ ಜವಾಬ್ದಾರಿ ಪತ್ರಕ್ಕೆ ಸಹಿ ಹಾಕಿ ಕರೆಸಿಕೊಂಡಿದ್ದರೆ ಆ ಮಕ್ಕಳ ಆದಾಯವನ್ನೂ ಸೇರಿಸಿ ನೋಡುತ್ತಾರೆ. ಪೌರತ್ವ ಸಿಕ್ಕ ಮೇಲೆ ಈ ತೊಡಕುಗಳು ಬಿಡುತ್ತವೆ. ನಿರಾಶ್ರಿತರಾಗಿ ಬಂದವರಿಗೆ ನಿಯಮ ಬೇರೆ.

ಆಸ್ತಿಯ ಲೆಕ್ಕ

ಒಬ್ಬರಿಗೆ 2,000 ಡಾಲರ್, ದಂಪತಿಗೆ 3,000 ಡಾಲರ್. ಅದಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಈ ಮಿತಿ 1989ರಿಂದ ಒಂದು ಡಾಲರ್ ಕೂಡ ಏರಿಲ್ಲ. ಇದು ನನಗೆ ನಿಜಕ್ಕೂ ಸಂಕಟ ತರುವ ವಿಷಯ. ಬಾಡಿಗೆ ಎಷ್ಟು ಪಟ್ಟು ಏರಿದೆ, ಆಪತ್ತಿಗೆ ಕೂಡಿಡುವ ಹಣಕ್ಕೆ ಮಾತ್ರ ಅದೇ ಹಳೇ ಗೆರೆ.

ವಾಸದ ಮನೆ, ಓಡಾಡುವ ಒಂದು ಕಾರು, ದಿನಬಳಕೆಯ ಸಾಮಾನು ಇದರಲ್ಲಿ ಬರುವುದಿಲ್ಲ. ಬ್ಯಾಂಕಿನ ಹಣ, ಷೇರು ಬರುತ್ತವೆ. ಹೂಡಿಕೆಗೆಂದು ಇಟ್ಟ ಚಿನ್ನವೂ ಬರುತ್ತದೆ. ಮಾರಲು ಸಾಧ್ಯವಿದ್ದರೆ ಭಾರತದಲ್ಲಿರುವ ಜಮೀನೂ ಬರುತ್ತದೆ. ಅದನ್ನು ಮುಚ್ಚಿಡಬೇಡಿ. ಮಗನ ಹೆಸರಿಗೆ ಸುಮ್ನೆ ಬರೆದುಕೊಟ್ಟು ಅರ್ಜಿ ಹಾಕೋಣ ಅನ್ನುವ ಸಲಹೆಯನ್ನೂ ಕೇಳಬೇಡಿ. ಹಾಗೆ ಕೊಟ್ಟದ್ದು ಗೊತ್ತಾದರೆ 36 ತಿಂಗಳವರೆಗೆ ಹಣ ತಡೆಹಿಡಿಯಬಹುದು.

ಪ್ರತಿ ತಿಂಗಳ 1ನೇ ತಾರೀಖು ಶುರುವಾದಾಗ ಖಾತೆಯಲ್ಲಿ ಎಷ್ಟಿದೆ ಅನ್ನುವುದೇ ಮುಖ್ಯ. ಒಂದು ವಯಸ್ಸಿನೊಳಗೆ ಅಂಗವೈಕಲ್ಯ ಬಂದವರು ಏಬಲ್ ಅನ್ನುವ ವಿಶೇಷ ಉಳಿತಾಯ ಖಾತೆ ತೆರೆದರೆ ಅದರಲ್ಲಿ 1 ಲಕ್ಷ ಡಾಲರ್‌ವರೆಗೆ ಈ ಮಿತಿಯ ತೊಂದರೆಯಿಲ್ಲದೆ ಇಡಬಹುದು. ಮೊದಲು 26 ವರ್ಷದೊಳಗೆ ವೈಕಲ್ಯ ಬಂದಿರಬೇಕಿತ್ತು. 2026ರ ಜನವರಿಯಿಂದ ಅದನ್ನು 46ಕ್ಕೆ ಏರಿಸಿದ್ದಾರೆ.

ಕೈಗೆ ಎಷ್ಟು ಬರುತ್ತದೆ

2026ರಲ್ಲಿ ಒಬ್ಬರಿಗೆ ತಿಂಗಳಿಗೆ ಹೆಚ್ಚೆಂದರೆ 994 ಡಾಲರ್, ದಂಪತಿಗೆ 1,491. ಕೆಲವು ರಾಜ್ಯಗಳು ಮೇಲಿಷ್ಟು ಸೇರಿಸುತ್ತವೆ. ಬೇರೆ ಆದಾಯ ಇದ್ದರೆ ಕಡಿಮೆಯಾಗುತ್ತದೆ, ಸಣ್ಣ ಆದಾಯಕ್ಕೆಲ್ಲ ಪೂರ್ತಿ ಹೋಗುವುದಿಲ್ಲ. ಒಬ್ಬರಿಗೆ ಸಣ್ಣ ಕೆಲಸದಿಂದ 500 ಡಾಲರ್ ಬರುತ್ತದೆ ಅಂತಿಟ್ಟುಕೊಳ್ಳಿ. ಮೊದಲು 20 ಬಿಡುತ್ತಾರೆ, ಆಮೇಲೆ 65 ಬಿಡುತ್ತಾರೆ. ಉಳಿದ 415ರಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಅಂದರೆ 207.50. ಆಗ ಎಸ್‌ಎಸ್‌ಐ 786.50 ಬರುತ್ತದೆ, ದುಡಿದ 500 ಅವರಲ್ಲೇ ಇರುತ್ತದೆ. ಕೆಲಸಕ್ಕೆ ಹೋದರೆ ಎಲ್ಲ ನಿಂತುಹೋಗುತ್ತೆ ಅಂತ ಹೆದರಿ ಮನೆಯಲ್ಲೇ ಕೂರುವವರಿಗೆ ಈ ಲೆಕ್ಕವನ್ನು ಬರೆದು ತೋರಿಸಿ.

ಮಕ್ಕಳ ಮನೆಯಲ್ಲೇ ಇರುವವರಿಗೆ, ಇರಲು ಜಾಗ ಪುಕ್ಕಟೆ ಸಿಗುತ್ತದೆ ಅನ್ನುವ ಕಾರಣಕ್ಕೆ ಮೊತ್ತ ಕಡಿಮೆಯಾಗಬಹುದು. ಮನೆ ಖರ್ಚಿನಲ್ಲಿ ತಮ್ಮ ಪಾಲು ಕೊಡುತ್ತಿದ್ದರೆ ಆ ಕಡಿತ ಇಲ್ಲ. ಅದರ ಲೆಕ್ಕ ಬರೆದಿಡಿ. ಊಟವನ್ನು ಆದಾಯ ಅಂತ ಎಣಿಸುವುದನ್ನು 2024ರ ಸೆಪ್ಟೆಂಬರ್ 30ರಿಂದ ಬಿಟ್ಟಿದ್ದಾರೆ. ಮಗಳು ಬಡಿಸಿದ ತುತ್ತಿಗೂ ಬೆಲೆ ಕಟ್ಟುವುದು ತಪ್ಪಿತು, ಸಮಾಧಾನ.

‘ಪರವಾಗಿಲ್ಲ’ ಅಂತ ಬರೆಯಬೇಡಿ

65ರೊಳಗಿನವರು ದಾಟಬೇಕಾದ ಕಷ್ಟದ ಘಟ್ಟ ಇದು. ಕಾಯಿಲೆಯ ಹೆಸರು ಸಾಲದು. ಅದರಿಂದ ಗಮನಾರ್ಹ ದುಡಿಮೆ ಆಗದಂತಿರಬೇಕು. ಕನಿಷ್ಠ 12 ತಿಂಗಳು ಇರುವಂಥದ್ದು ಅಥವಾ ಸಾವಿಗೇ ಕಾರಣವಾಗುವಂಥದ್ದು ಆಗಿರಬೇಕು. ದಿನ ಹೇಗೆ ಕಳೆಯುತ್ತೀರಿ ಅಂತ ಕೇಳುವ ಒಂದು ಉದ್ದನೆಯ ಫಾರಂ ಬರುತ್ತದೆ.

ಪಾರ್ಶ್ವವಾಯು ಹೊಡೆದಿದ್ದ, ಅರವತ್ತರ ಹತ್ತಿರದ ಒಬ್ಬರ ಪಕ್ಕದಲ್ಲಿ ಕೂತು ಅದನ್ನು ತುಂಬುತ್ತಿದ್ದೆ. ಅಡುಗೆ ಮಾಡುತ್ತೀರಾ ಅನ್ನುವ ಪ್ರಶ್ನೆಗೆ ‘ಹೂಂ, ಮಾಡ್ತೀನಿ’ ಅಂದರು. ಏನು ಮಾಡ್ತೀರಿ ಅಂತ ಕೇಳಿದೆ. ಹೆಂಡತಿ ಮಾಡಿಟ್ಟ ಅನ್ನವನ್ನು ಎಡಗೈಯಲ್ಲಿ ಹಿಡಿದು ಮೈಕ್ರೋವೇವ್‌ಗೆ ಇಡುವುದು, ಅಷ್ಟೇ. ಎರಡು ಸಲ ತಟ್ಟೆ ಬಿದ್ದಿತ್ತಂತೆ. ನಡೆಯುತ್ತೀರಾ ಅಂದರೆ ‘ಪರವಾಗಿಲ್ಲ’. ಅಂಚೆಪೆಟ್ಟಿಗೆವರೆಗೆ ಹೋಗಿ ಬರಲು ನಡುವೆ ಎಷ್ಟು ಸಲ ನಿಲ್ಲುತ್ತೀರಿ ಅಂತ ಕೇಳಿದಾಗ ಬೆರಳು ಮಡಿಸಿ ಎಣಿಸಿದರು. ನಾಲ್ಕು. ಫಾರಂನಲ್ಲಿ ಬರೆಯಬೇಕಾದದ್ದು ಆ ತಟ್ಟೆ, ಆ ನಾಲ್ಕು ನಿಲುಗಡೆ. ಉತ್ಪ್ರೇಕ್ಷೆ ಬೇಡ, ಇದ್ದದ್ದನ್ನು ಮುಚ್ಚುವುದೂ ಬೇಡ.

ಅಂಗವೈಕಲ್ಯ ಇರುವ ಮಗುವಿಗೆ ಅಪ್ಪ ಅಮ್ಮನ ಸಂಬಳ ಜಾಸ್ತಿ ಅಂತ ಒಮ್ಮೆ ಎಸ್‌ಎಸ್‌ಐ ಕೊಡೋಕಾಗಲ್ಲ ಅಂದಿದ್ದರೆ, 18 ತುಂಬಿದ ಮೇಲೆ ಮತ್ತೆ ಕೇಳಿ. ಆಗಿನಿಂದ ನಿಮ್ಮ ಸಂಬಳವನ್ನು ಮಗುವಿನ ಲೆಕ್ಕಕ್ಕೆ ಸೇರಿಸುವುದಿಲ್ಲ.

ಹಣ ಬರಲು ಶುರುವಾದ ಮೇಲೆ

ಆದಾಯ, ವಿಳಾಸ, ಮನೆಯಲ್ಲಿರುವ ಜನ, ಏನೇ ಬದಲಾದರೂ ಮುಂದಿನ ತಿಂಗಳ 10ರೊಳಗೆ ತಿಳಿಸಿ. ಇಲ್ಲದಿದ್ದರೆ ಜಾಸ್ತಿ ಬಂದದ್ದನ್ನು ವಾಪಸ್ ಕೇಳುತ್ತಾರೆ. ಊರಿಗೆ ಹೋಗುವವರು ಇದನ್ನು ಮರೆಯಬಾರದು: ಅಮೆರಿಕದ ಹೊರಗೆ 30 ದಿನ ಅಥವಾ ಹೆಚ್ಚು ಇದ್ದರೆ ಹಣ ನಿಲ್ಲುತ್ತದೆ. ತಿರುಗಿ ಬಂದು ಸತತ 30 ದಿನ ಇದ್ದ ಮೇಲೆಯೇ ಮತ್ತೆ ಶುರು.

ಬೇಡ ಅಂದರೆ

ಎಸ್‌ಎಸ್‌ಐ ಕೊಡೋಕಾಗಲ್ಲ ಅನ್ನುವ ಪತ್ರ ಕೈಗೆ ಸಿಕ್ಕ 60 ದಿನದೊಳಗೆ ಮೇಲ್ಮನವಿ ಹಾಕಿ. ಮೊದಲು ಮರುಪರಿಶೀಲನೆ, ಆಮೇಲೆ ನ್ಯಾಯಾಧೀಶರ ಮುಂದೆ ವಿಚಾರಣೆ, ಅದಾದ ಮೇಲೆ ಮೇಲ್ಮನವಿ ಮಂಡಳಿ, ಕೊನೆಗೆ ಫೆಡರಲ್ ಕೋರ್ಟ್. ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಡುವ ಸಂಸ್ಥೆಗಳಿವೆ, ವಿಚಾರಣೆಗೆ ಮೊದಲೇ ಅವರನ್ನು ಕಾಣಿ.

ನಾನು ಹೇಳಿದ ಆ ಹಿರಿಯರಿಗೂ ಮೊದಲ ಸಲ ಬೇಡ ಅಂದಿದ್ದರು. ಬೇಸರದಲ್ಲಿ ಹೊಸ ಅರ್ಜಿ ಹಾಕೋಣ ಅಂತಿದ್ದರು. ಹಾಗೆ ಮಾಡಿದ್ದರೆ ಹಳೇ ತಾರೀಖು ಕೈತಪ್ಪುತ್ತಿತ್ತು. ಮೇಲ್ಮನವಿಯಲ್ಲಿ ಗೆದ್ದಾಗ ಅವರ ಹಣದ ಲೆಕ್ಕ ಶುರುವಾಗಿದ್ದು ಮೊದಲು ಫೋನ್ ಮಾಡಿದ ತಿಂಗಳ ಮರುತಿಂಗಳಿಂದ. ಬಾಕಿ ಮೊತ್ತ ದೊಡ್ಡದಿದ್ದದ್ದರಿಂದ ಆರಾರು ತಿಂಗಳಿಗೊಮ್ಮೆ ಮೂರು ಕಂತಿನಲ್ಲಿ ಬಂತು.