ಮೊಬೈಲು, ಲ್ಯಾಪ್‌ಟಾಪು ಮಕ್ಕಳ ಕೈಗೆ: ಕಾಸರಗೋಡಿನ ಕನ್ನಡ ತರಗತಿಗಳಿಗೆ ಮೂರು ಕೆಲಸಗಳು

ಕೇರಳದ ಹೈಟೆಕ್ ಶಾಲಾ ಯೋಜನೆ ಬಂದ ಮೇಲೆ ಕಾಸರಗೋಡಿನ ಕನ್ನಡ ಶಾಲೆಗಳಿಗೂ ಲ್ಯಾಪ್‌ಟಾಪು, ಪ್ರೊಜೆಕ್ಟರು ಹೊಸತಲ್ಲ. ಪರದೆಯ ಮೇಲೆ ವಿಡಿಯೊ ಬಂದರೆ ಮೊದಮೊದಲು ಮಕ್ಕಳ ಕಣ್ಣು ಅರಳುತ್ತದೆ. ದಿನ ಕಳೆದಂತೆ ಅದೂ ಕರಿಹಲಗೆಯಷ್ಟೇ ಮಾಮೂಲಾಗುತ್ತದೆ. ಇಲ್ಲಿ ಇನ್ನೊಂದು ತೊಡಕೂ ಇದೆ. ಮಗು ಮನೆಯಲ್ಲಿ ತುಳುವೋ ಬ್ಯಾರಿಯೋ ಹವ್ಯಕವೋ ಮಲಯಾಳವೋ ಮಾತಾಡುತ್ತದೆ, ಪುಸ್ತಕ ಕನ್ನಡದ್ದು, ಸಿಗುವ ಡಿಜಿಟಲ್ ಪಾಠ ಹೆಚ್ಚಾಗಿ ಮಲಯಾಳದ್ದು. ಬೇರೆಯವರಿಗೆಂದು ಮಾಡಿದ್ದನ್ನು ತಾನು ಸುಮ್ಮನೆ ನೋಡುತ್ತಿದ್ದೇನೆ ಎಂದು ಮಗುವಿಗೆ ಅನಿಸಿದಲ್ಲಿಗೆ ಉತ್ಸಾಹ ಮುಗಿಯುತ್ತದೆ.

ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಒಳಗಿನ ಪ್ರೇರಣೆಗೆ ಮೂರು ಬೇಕುಗಳನ್ನು ಹೇಳಿದ್ದಾರೆ: ಆಯ್ಕೆ ತನ್ನದು ಎನ್ನುವ ಭಾವ, ತನ್ನಿಂದ ಆಗುತ್ತದೆ ಎನ್ನುವ ಧೈರ್ಯ, ಜೊತೆಗಿರುವವರೊಂದಿಗಿನ ನಂಟು. ಕೆಳಗಿನ ಮೂರೂ ಕೆಲಸಗಳಲ್ಲಿ ಯಂತ್ರ ದುಡಿಯುವುದು ಇವಕ್ಕಾಗಿ. ಶಾಲೆಯಲ್ಲಿ ಒಂದು ಲ್ಯಾಪ್‌ಟಾಪು, ಟೀಚರರ ಬಳಿ ಒಂದು ಮೊಬೈಲು ಇದ್ದರೆ ಸಾಕು.

ಕಾರ್ಡು ಎತ್ತಿ ಉತ್ತರ

"ಗೊತ್ತಿದ್ದವರು ಕೈ ಎತ್ತಿ" ಎಂದರೆ ಏಳುವುದು ಅದೇ ಐದು ಕೈ. ಪ್ಲಿಕರ್ಸ್ ಎಂಬ ಆ್ಯಪ್‌ನಲ್ಲಿ ಪ್ರತಿ ಮಗುವಿಗೂ ಮುದ್ರಿಸಿದ ಒಂದು ಕಾರ್ಡು. ಅದರ ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ. ತನ್ನ ಉತ್ತರ ಮೇಲೆ ಬರುವಂತೆ ಮಗು ಕಾರ್ಡು ಹಿಡಿಯುತ್ತದೆ, ಟೀಚರ್ ಮೊಬೈಲಿನ ಕ್ಯಾಮರಾ ಆಡಿಸಿ ಎಲ್ಲವನ್ನೂ ಓದಿಸುತ್ತಾರೆ. ಒಂದೊಂದು ಕಾರ್ಡಿನ ಮೇಲಿನ ಕಪ್ಪು ಚಿತ್ರದ ಆಕಾರವೂ ಬೇರೆ, ಅಕ್ಷರಗಳೂ ಸಣ್ಣವು. ಹಾಗಾಗಿ ಪಕ್ಕದವನ ಕಾರ್ಡು ನೋಡಿ ಪ್ರಯೋಜನವಿಲ್ಲ. ಮಾತಾಡಲು ನಾಚುವ ಮಗುವೂ ಉತ್ತರಿಸುತ್ತದೆ.

ಹಾಜರಿ ಪುಸ್ತಕದ ಕ್ರಮಸಂಖ್ಯೆಯನ್ನೇ ಕಾರ್ಡಿನ ಸಂಖ್ಯೆಯಾಗಿ ಕೊಡಿ. ದಪ್ಪ ಕಾಗದದಲ್ಲಿ ಮುದ್ರಿಸಿ. ಹೊಳೆಯುವ ಲ್ಯಾಮಿನೇಶನ್ ಬೇಡ. ಕಿಟಕಿಯ ಬೆಳಕು ಪ್ರತಿಫಲಿಸಿ ಕ್ಯಾಮರಾ ಓದುವುದಿಲ್ಲ. ಓದದಿರಲು ಇನ್ನೊಂದು ಕಾರಣ ಕಪ್ಪು ಭಾಗದ ಮೇಲೆ ಮಗುವಿನ ಬೆರಳು ಬರುವುದು. ಅಂಚು ಹಿಡಿಯಲು ಮೊದಲ ದಿನವೇ ಕಲಿಸಿ. ಇಂಟರ್‌ನೆಟ್ ಇಲ್ಲದ ದಿನಕ್ಕೆ ಒಂದು ಹಾಳೆಯನ್ನು ನಾಲ್ಕಾಗಿ ಮಡಚಿ ಪ್ರತಿ ಭಾಗಕ್ಕೆ ಒಂದು ಅಕ್ಷರ ಬರೆಯಿಸಿಡಿ.

ತಪ್ಪು ಆಯ್ಕೆಗಳು ಮಕ್ಕಳು ನಿಜವಾಗಿ ಮಾಡುವ ತಪ್ಪುಗಳೇ ಆಗಿರಲಿ. 0.5 ಮತ್ತು 0.35ರಲ್ಲಿ ಯಾವುದು ದೊಡ್ಡದು ಎಂದರೆ 35 ದೊಡ್ಡದೆಂದು ಎರಡನೆಯದನ್ನು ಆರಿಸುವವರು ಇದ್ದೇ ಇರುತ್ತಾರೆ. ಸರಿಯುತ್ತರ ಯಾವುದೆಂದು ತೋರಿಸುವ ಮುಂಚೆ, ಯಾವ ಅಕ್ಷರಕ್ಕೆ ಎಷ್ಟು ಜನ ಎಂಬುದನ್ನಷ್ಟೇ ಹೇಳಿ. ಎರಡು ನಿಮಿಷ ಪಕ್ಕದವರ ಜೊತೆ ವಾದಿಸಲು ಬಿಟ್ಟು, ಮತ್ತೆ ಕಾರ್ಡು ಎತ್ತಿಸಿ. ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು. ಮೊದಲ ಸುತ್ತಿನಲ್ಲಿ ಸರಿಯುತ್ತರ ಶೇಕಡಾ 30ರಿಂದ 70ರ ನಡುವೆ ಇದ್ದರೆ ಚರ್ಚೆ ಚೆನ್ನಾಗಿ ನಡೆಯುತ್ತದೆ. 30ಕ್ಕಿಂತ ಕಡಿಮೆ ಇದ್ದರೆ ಚರ್ಚೆ ಬೇಡ, ಪಾಠವನ್ನೇ ಇನ್ನೊಮ್ಮೆ ಮಾಡಬೇಕು.

ಯಾರು ಮೊದಲು, ಯಾರು ಕೊನೆ ಎಂಬ ಪಟ್ಟಿಯನ್ನು ಮಾತ್ರ ಪರದೆಗೆ ತರಬೇಡಿ. ಮೇಲಿನ ಮೂವರಿಗೆ ಅದರಿಂದ ಖುಷಿ. ಕೆಳಗಿನವರು ಮರುದಿನದಿಂದ ಯೋಚಿಸುವುದನ್ನೇ ಬಿಟ್ಟು ಕಾರ್ಡನ್ನು ಹೇಗಾದರೂ ಹಿಡಿಯುತ್ತಾರೆ.

ಮಳೆಯ ಲೆಕ್ಕ

ಜೂನಿನಲ್ಲಿ ಶಾಲೆ ತೆರೆಯುವಾಗಲೇ ಮಳೆಯೂ ಬರುತ್ತದೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಅಲರ್ಟುಗಳು ಇಲ್ಲಿಯ ಮಕ್ಕಳಿಗೆ ಬಾಯಿಪಾಠ, ಏಕೆಂದರೆ ಕಲೆಕ್ಟರರ ರಜೆ ಅದರ ಬೆನ್ನಿಗೇ ಬರುವುದು. ಈ ಕುತೂಹಲವನ್ನು ಗಣಿತಕ್ಕೆ ತಿರುಗಿಸಬಹುದು. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಸುರಿದರೆ ಭಾರೀ ಮಳೆ, 115.6ರಿಂದ 204.4ರವರೆಗೆ ಅತಿ ಭಾರೀ, ಅದನ್ನೂ ಮೀರಿದರೆ ಅತ್ಯಂತ ಭಾರೀ.

ಉಬ್ಬುತಗ್ಗುಗಳಿಲ್ಲದ ನೇರ ಗೋಡೆಯ ಎರಡು ಲೀಟರಿನ ಬಾಟ್ಲಿ ತೆಗೆದುಕೊಳ್ಳಿ. ಹೆಗಲಿನ ಹತ್ತಿರ ಕತ್ತರಿಸಿ, ಮೇಲಿನ ತುಂಡನ್ನು ಕವುಚಿ ಆಲಿಕೆಯ ಹಾಗೆ ಕೂರಿಸಿ. ಗಾಳಿಗೆ ಬೀಳದಂತೆ ತಳಕ್ಕೆ ಸಣ್ಣ ಕಲ್ಲು ಹಾಕಿ, ಗೋಡೆ ನೇರವಾಗುವ ಮಟ್ಟದವರೆಗೆ ನೀರು ತುಂಬಿಸಿ, ಅಲ್ಲಿ ಸೊನ್ನೆಯ ಗೀಟು ಎಳೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲು ಅಂಟಿಸಿ. ಆಲಿಕೆಯ ಮೇಲ್ಬಾಯಿಯ ಅಗಲವೂ ಬಾಟ್ಲಿಯ ಅಗಲವೂ ಒಂದೇ ಆದ್ದರಿಂದ ಸ್ಕೇಲಿನ ಮಿಲಿಮೀಟರೇ ಮಳೆಯ ಮಿಲಿಮೀಟರು. ಮರ, ಮಾಡು, ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟು ದೂರ ಇಡಿ. ಇಲ್ಲದಿದ್ದರೆ ತೆಂಗಿನ ಗರಿಯಿಂದ ತೊಟ್ಟಿಕ್ಕುವ ನೀರು ಮಳೆಯಾಗಿ ಲೆಕ್ಕಕ್ಕೆ ಬರುತ್ತದೆ.

ಇಲಾಖೆ ಅಳೆಯುವುದು ಬೆಳಿಗ್ಗೆ 8.30ಕ್ಕೆ. ಶಾಲೆಯಲ್ಲಿ ಅಷ್ಟು ಬೇಗ ಆಗದಿದ್ದರೆ ಮೊದಲ ಬೆಲ್ಲಿನ ಮುಂಚೆ, ದಿನವೂ ಅದೇ ಹೊತ್ತಿಗೆ. ಅಳೆದು ಚೆಲ್ಲಿದ ಮೇಲೆ ಮತ್ತೆ ಸೊನ್ನೆಯವರೆಗೆ ನೀರು ತುಂಬುವುದು ಮರೆತುಹೋಗುತ್ತದೆ. ಮರುದಿನದ ಲೆಕ್ಕ ಕಡಿಮೆ ಬಂದರೆ ಕಾರಣ ಬಹುಮಟ್ಟಿಗೆ ಅದೇ. ಶನಿವಾರ, ಭಾನುವಾರದ ನೀರನ್ನು ಸೋಮವಾರ ಒಟ್ಟಿಗೆ ಬರೆದು ಗುರುತು ಹಾಕಿ, ದಿನಕ್ಕೆ ಹಂಚಬೇಡಿ.

ಲ್ಯಾಪ್‌ಟಾಪಿನ ಕೋಷ್ಟಕ ಮಾಡುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಎರಡು ಕಾಲಂ ಸಾಕು: ದಿನಾಂಕ, ಮಿಲಿಮೀಟರ್. ತುಂಬಿಸುವುದು ಮಕ್ಕಳ ಕೆಲಸ, ವಾರಕ್ಕೊಂದು ಜೋಡಿ. ಮೊದಲೇ ಲೊಕೇಲ್ (ಯಾವ ದೇಶದ ರೀತಿ ಎಂಬ ಸೆಟ್ಟಿಂಗ್) 'ಇಂಡಿಯಾ' ಇದೆಯೇ ನೋಡಿ. ಅಮೆರಿಕದ್ದಿದ್ದರೆ 12/6 ಎಂದು ಬರೆದ ಜೂನ್ 12 ಡಿಸೆಂಬರ್ 6 ಆಗುತ್ತದೆ, ಗ್ರಾಫು ಪೂರ್ತಿ ಕೆಡುತ್ತದೆ. ಚುಕ್ಕೆ ಹಾಕಿ 12.6 ಎಂದರೆ ದಶಮಾಂಶ ಸಂಖ್ಯೆಯೆಂದು ಓದುವ ಸಾಧ್ಯತೆಯೂ ಇದೆ. ತಿಂಗಳ ಕೊನೆಗೆ ಕಂಬನಕ್ಷೆ ತೆಗೆದು ಗೋಡೆಗೆ ಹಚ್ಚಿ. ಸರಾಸರಿ ಎಂದರೇನು ಎಂದು ಆಗ ಮಕ್ಕಳೇ ಕೇಳುತ್ತಾರೆ, ಏಕೆಂದರೆ ಸಂಖ್ಯೆಗಳು ಅವರವು.

ಊರಿನ ಸ್ವರ

ಮೂರರಲ್ಲಿ ಹೆಚ್ಚು ದಿನ ಬಾಳುವುದು ಇದು: ಮಕ್ಕಳೇ ಮಾಡುವ ಎರಡು ನಿಮಿಷದ ಧ್ವನಿ ಕಾರ್ಯಕ್ರಮ. ವಿಷಯಕ್ಕೆ ಬರವಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಪಂಪಿಲ್ಲದೆ ನೀರು ಹರಿದುಬರುವಂತೆ ಮಾಡಿದ ಸುರಂಗಗಳು, ತೋಡಿಗೆ ಹಾಕುವ ಕಟ್ಟಗಳು, ಅಡಿಕೆ ಸುಲಿಯುವುದು, ಅಜ್ಜಿಯ ಕಾಲದ ಶಾಲೆ. ಅಜ್ಜಿ ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಲಿ, ಮಗು ನಡುನಡುವೆ ಕನ್ನಡದಲ್ಲಿ ವಿವರಿಸಲಿ. ಮನೆಮಾತಿಗೆ ತರಗತಿಯಲ್ಲಿ ಮರ್ಯಾದೆ ಸಿಕ್ಕಿದಾಗ ಪುಸ್ತಕದ ಕನ್ನಡದ ಅಂಜಿಕೆಯೂ ಇಳಿಯುತ್ತದೆ. ಸುರಂಗದ ವಿಷಯ ಆರಿಸಿದವರು ಬಾಯಿಯ ಹತ್ತಿರ ದೊಡ್ಡವರೊಂದಿಗೆ ನಿಂತು ನೋಡಬೇಕು, ಒಳಗೆ ಹೋಗಲೇಬಾರದು.

ನಾಲ್ವರ ಗುಂಪು ಮಾಡಿ: ಬರೆಯುವವರು, ಓದುವವರು, ರೆಕಾರ್ಡ್ ಮಾಡುವವರು, ಕೇಳಿ ತಿದ್ದುವವರು. ಪ್ರತಿ ಕಾರ್ಯಕ್ರಮಕ್ಕೆ ಕೆಲಸ ಬದಲಾಗಲಿ, ಇಲ್ಲದಿದ್ದರೆ ಚೆನ್ನಾಗಿ ಓದುವವಳೇ ವರ್ಷವಿಡೀ ಓದುತ್ತಾಳೆ. ಮಕ್ಕಳ ಓದಿಗೆ ನಿಮಿಷಕ್ಕೆ ಸುಮಾರು 80 ಪದ ಹಿಡಿಯಿರಿ. ಎರಡು ನಿಮಿಷಕ್ಕೆ 160. ವಿಷಯ ಯಾವುದು ಎಂಬುದನ್ನು ಗುಂಪೇ ತೀರ್ಮಾನಿಸಲಿ.

ಶೀಟಿನ ಮಾಡಿನ ಕೋಣೆಯಲ್ಲಿ ಮಳೆಯ ಹೊತ್ತಿಗೆ ರೆಕಾರ್ಡಿಂಗ್ ಆಗದು. ಲೈಬ್ರರಿಯ ಮೂಲೆ ಒಳ್ಳೆಯದು. ಪುಸ್ತಕಗಳು ಪ್ರತಿಧ್ವನಿ ಹೀರುತ್ತವೆ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಡಿ. ನೇರ ಹಿಡಿದರೆ ಪ, ಫ, ಭ ಬಂದಲ್ಲೆಲ್ಲ ಉಸಿರು ಬಡಿದು ಸದ್ದಾಗುತ್ತದೆ. ಮಾತು ಶುರುವಾಗುವ ಮೊದಲು ಐದು ಸೆಕೆಂಡು ಎಲ್ಲರೂ ಸುಮ್ಮನಿರಬೇಕು.

ಆ ಐದು ಸೆಕೆಂಡು ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಕೆಲಸಕ್ಕೆ ಬರುತ್ತದೆ. ಅಷ್ಟನ್ನೇ ಆಯ್ದು, ನಾಯ್ಸ್ ರಿಡಕ್ಷನ್‌ನಲ್ಲಿ ನಾಯ್ಸ್ ಪ್ರೊಫೈಲ್ (ಹಿನ್ನೆಲೆ ಸದ್ದಿನ ಮಾದರಿ) ತೆಗೆದುಕೊಂಡು, ಆಮೇಲೆ ಇಡೀ ಧ್ವನಿಗೆ ಅನ್ವಯಿಸಿ. 6ರಿಂದ 12 ಡೆಸಿಬೆಲ್ ಸಾಕು. ಹೆಚ್ಚಾದರೆ ಸ್ವರ ನೀರೊಳಗಿಂದ ಬಂದಂತೆ ಕೇಳುತ್ತದೆ. ಮೊಬೈಲಿನ ಎಂ4ಎ ಫೈಲು ತೆರೆಯದಿದ್ದರೆ ಅದನ್ನು ಓದಿಸುವ ಎಫ್‌ಎಫ್‌ಎಂಪೆಗ್ ಎಂಬ ಪೂರಕ ತಂತ್ರಾಂಶ ಇಲ್ಲವೆಂದರ್ಥ. ಅದನ್ನು ಹಾಕಿಸಿ, ಅಥವಾ ಮೊಬೈಲಿನಲ್ಲೇ ವೇವ್ ಆಗಿ ರೆಕಾರ್ಡ್ ಮಾಡಿ. ಕೊನೆಗೆ ಮೊನೊ, 64 ಕೆಬಿಪಿಎಸ್ ಎಂಪಿ3 ಆಗಿ ಉಳಿಸಿದರೆ ಎರಡು ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ. ವಾಟ್ಸ್ಯಾಪಿನಲ್ಲಿ ಸಲೀಸಾಗಿ ಹೋಗುತ್ತದೆ.

ಬರಹವನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಸುವುದಾದರೆ ಯೂನಿಕೋಡಿನಲ್ಲೇ ಆಗಲಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ್ದು ಇನ್ನೊಂದು ಯಂತ್ರದಲ್ಲಿ ತೆರೆದಾಗ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತದೆ, ಪರಿವರ್ತಕ ಬಳಸಬೇಕಾಗುತ್ತದೆ. ಗುಡುಗು ಸಿಡಿಲಿನ ದಿನ ಪ್ಲಗ್ಗಿನ ಜೊತೆ ಇಂಟರ್‌ನೆಟ್ ಕೇಬಲನ್ನೂ ಕಿತ್ತಿಡಿ, ಸಿಡಿಲಿನ ಹೊಡೆತ ಆ ತಂತಿಯಲ್ಲೂ ಬರುತ್ತದೆ.

ಮೊದಲು ತರಗತಿಯಲ್ಲಿ ಕೇಳಿಸಿ. ಒಬ್ಬೊಬ್ಬರು ಒಂದು ಮೆಚ್ಚುಗೆ, ಒಂದು ಪ್ರಶ್ನೆ ಹೇಳಲಿ, ಅಂಕ ಬೇಡ. ಆಮೇಲೆ ಅಸೆಂಬ್ಲಿಯ ಮೈಕಿಗೆ, ಮತ್ತೆ ಪಿಟಿಎ ಸಭೆಗೆ. ಶಾಲೆಯ ಹೊರಗೆ ಹಂಚುವ ಮೊದಲು ಹೆತ್ತವರ, ಮಾತಾಡಿದ ಹಿರಿಯರ ಒಪ್ಪಿಗೆ ಲಿಖಿತವಾಗಿ ಪಡೆಯಿರಿ, ಮಗುವಿನ ಫೋಟೊ ಸೇರಿಸಬೇಡಿ. ಒಂದು ಪ್ರತಿಯನ್ನು ಮಾತಾಡಿದ ಅಜ್ಜಿಯ ಮನೆಯ ಮೊಬೈಲಿಗೂ ಕಳಿಸಿ, ಕೇಳಿಸುವ ಕೆಲಸವನ್ನು ಮಗುವಿಗೇ ವಹಿಸಿ.