ಉತ್ತರ ಬರುವಂಥ ಪತ್ರ

ನಾನಿರುವುದು ಮಂಗಳೂರಿನಲ್ಲಿ. ಉಡುಪಿ ಕಡೆಯ ಒಬ್ಬರಿಗೆ ತಿಂಗಳಿಗೊಂದು ಪತ್ರ ಬರೆಯುತ್ತೇನೆ. ಅವರಿಗೆ ನಲವತ್ತು ದಾಟಿದೆ. ಬೌದ್ಧಿಕ ಅಸಾಮರ್ಥ್ಯ ಇರುವ ದೊಡ್ಡವರಿಗಾಗಿ ನಡೆಯುವ ಒಂದು ಹಗಲು ಕೇಂದ್ರಕ್ಕೆ ದಿನಾ ಬರುತ್ತಾರೆ. ಅಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುತ್ತಾರೆ, ಕಾಗದದ ಕವರ್ ಅಂಟಿಸುತ್ತಾರೆ.

ಬೌದ್ಧಿಕ ಅಸಾಮರ್ಥ್ಯ ಅಂದರೆ ಕಲಿಯುವುದು, ಅರ್ಥ ಮಾಡಿಕೊಳ್ಳುವುದು ಒಟ್ಟಾರೆ ಕಷ್ಟವಾಗುವುದು. ಇದನ್ನು ಕೆಲವರು ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ತೊಡಕು, ಅಂದುಕೊಳ್ಳುತ್ತಾರೆ. ಅದು ಬೇರೆ, ಇದು ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಗಳಲ್ಲೂ ಎರಡಕ್ಕೂ ಪ್ರತ್ಯೇಕ ಜಾಗವಿದೆ. ನನ್ನ ಗೆಳೆಯರಿಗೆ ಓದು ಬರುತ್ತದೆ, ನಿಧಾನವಾಗಿ. ಆದರೆ ಉದ್ದ ವಾಕ್ಯದ ಕೊನೆಗೆ ತಲುಪುವ ಹೊತ್ತಿಗೆ ಅದರ ಶುರು ಮರೆತುಹೋಗಿರುತ್ತದೆ.

ಕೇಂದ್ರದ ಟೀಚರ್ ಮೊದಲು ಕೇಳಿದ್ದು ಅವರನ್ನೇ. "ಮಂಗಳೂರಿನ ಅಕ್ಕ ಒಬ್ಬರು ಕಾಗದ ಬರೆಯುತ್ತಾರಂತೆ, ನಿಮಗೆ ಬೇಕಾ?" ಮನೆಯವರನ್ನು ಕೇಳಿದ್ದು ಆಮೇಲೆ. ಈ ಕ್ರಮ ನನಗೆ ತುಂಬಾ ಹಿಡಿಸಿತು.

ನನ್ನ ಪತ್ರ ಒಂದೇ ಪುಟ, ಹಾಳೆಯ ಒಂದೇ ಬದಿ. ಅಕ್ಷರ ದಪ್ಪ, ಸಾಲುಗಳ ನಡುವೆ ಧಾರಾಳ ಜಾಗ. ಒಂದು ವಾಕ್ಯದಲ್ಲಿ ಒಂದೇ ಸಂಗತಿ. ಒತ್ತಕ್ಷರ ಅವರಿಗೆ ಕಷ್ಟ ಅಂತ ಟೀಚರ್ ಹೇಳಿದ್ದರು. ಕನ್ನಡದಲ್ಲಿ ಒತ್ತಕ್ಷರ ಪೂರ್ತಿ ಬಿಟ್ಟು ಬರೆಯಲು ಆಗುವುದಿಲ್ಲ, ಆದರೆ ಕಡಿಮೆ ಮಾಡಬಹುದು. 'ಪ್ರಯಾಣ ಮಾಡಿದೆ' ಅನ್ನುವ ಬದಲು 'ಉಡುಪಿಗೆ ಹೋದೆ'. ಮಳೆ, ಮೀನು, ಊಟ, ಚಹಾ ಇವೆಲ್ಲ ನಮಗೆ ಅನುಕೂಲದ ಮಾತುಗಳು. ಪತ್ರದ ಮೂಲೆಯಲ್ಲಿ ನನ್ನ ಸಣ್ಣ ಫೋಟೋ ಇರುತ್ತದೆ, ಪ್ರತಿ ಸಲವೂ ಅದೇ. ಲಕೋಟೆ ಬಿಡಿಸಿದ ಕೂಡಲೇ ಯಾರ ಕಾಗದ ಅಂತ ಗೊತ್ತಾಗಬೇಕಲ್ವಾ?

ನಲವತ್ತು ದಾಟಿದವರಿಗೆ ಕರಡಿಮರಿ, ಮೊಲದ ಸ್ಟಿಕ್ಕರ್ ಅಂಟಿಸಿ ಕಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವಾಕ್ಯ ಚಿಕ್ಕದಾದರೆ ಸಾಕು, ವಿಷಯ ದೊಡ್ಡವರದ್ದೇ ಇರಲಿ. ನಾನು ಬಂಗುಡೆ ಮೀನಿನ ರೇಟು ಬರೆಯುತ್ತೇನೆ. ನೋಡಿದ ಯಕ್ಷಗಾನ ಬರೆಯುತ್ತೇನೆ. ಬ್ಯಾಂಕಿನಲ್ಲಿ ಮೇಲಿನವರ ಹತ್ತಿರ ಬೈಸಿಕೊಂಡದ್ದನ್ನೂ ಬರೆದಿದ್ದೇನೆ. ಅದಕ್ಕೆ ಅವರು ತಮ್ಮ ತಟ್ಟೆ ಮೆಷಿನ್ ಕೆಟ್ಟ ದಿನದ ಕತೆ ಬರೆಸಿ ಕಳಿಸಿದರು.

ಹೆಚ್ಚು ಯೋಚನೆ ಬೇಕಾಗುವುದು ಪ್ರಶ್ನೆಗಳಿಗೆ. 'ಹೇಗಿದ್ದೀರಿ' ಅಂದರೆ 'ಚೆನ್ನಾಗಿದ್ದೇನೆ' ಅಂತ ಬರುತ್ತದೆ, ಅಲ್ಲಿಗೆ ಮುಗಿಯಿತು. 'ಏನು ವಿಶೇಷ' ಅಂದರೆ ಅವರಿಗೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಕೈಗೆ ಸಿಗುವಂಥದ್ದನ್ನು ಕೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ನಾನು ಬರೆಯುವುದು ಹೀಗೆ: "ಮಲ್ಪೆಯಲ್ಲಿ ಬೋಟು ನಿಂತಿದೆ. ನಿಮ್ಮ ಮನೆಯಲ್ಲಿ ಮೀನು ಇದೆಯಾ? ಒಣಮೀನಾ, ಹಸಿಮೀನಾ?" ಕೆಳಗೆ ಎರಡು ಚೌಕ ಬರೆದಿಡುತ್ತೇನೆ. ಬರೆಯುವ ಮನಸ್ಸಿಲ್ಲದಿದ್ದರೆ ಗುರುತು ಹಾಕಿದರೂ ಅದು ಉತ್ತರವೇ. ಒಂದು ಪತ್ರಕ್ಕೆ ಎರಡು ಪ್ರಶ್ನೆ, ಅದಕ್ಕಿಂತ ಜಾಸ್ತಿ ಬೇಡ.

ಅವರ ಜೀವ ಇರುವುದು ಬಸ್ಸಿನಲ್ಲಿ. ನಮ್ಮ ಕರಾವಳಿಯ ಖಾಸಗಿ ಬಸ್ಸುಗಳಿಗೆ ಒಂದೊಂದಕ್ಕೂ ಹೆಸರು, ಬಣ್ಣ ಇರುತ್ತದಲ್ಲ, ಅದೆಲ್ಲ ಅವರಿಗೆ ಬಾಯಿಪಾಠ. ಒಮ್ಮೆ ಉತ್ತರವಾಗಿ ಬಂದದ್ದು ಬರೀ ಊರುಗಳ ಸಾಲು: ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಉಡುಪಿ. ಕೊನೆಯಲ್ಲಿ "ಯಾವ ಬಸ್ಸು?" ಅಂತ ಒಂದು ಪ್ರಶ್ನೆ. ನಾನು ಕಳೆದ ಸಲ ಉಡುಪಿಗೆ ಹೋಗಿಬಂದೆ ಅಂತ ಬರೆದಿದ್ದೆ. ಬಸ್ಸಿನ ಹೆಸರನ್ನೇ ಹೇಳದಿದ್ದರೆ ಅದೆಂಥ ಸುದ್ದಿ! ಈಗ ಹತ್ತುವ ಮೊದಲು ಹೆಸರು ಓದಿಕೊಳ್ಳುತ್ತೇನೆ.

ಸ್ವಲ್ಪ ಅವರೇ ಬರೆಯುತ್ತಾರೆ, ಉಳಿದದ್ದನ್ನು ಹೇಳಿ ಟೀಚರ್ ಹತ್ತಿರ ಬರೆಸುತ್ತಾರೆ. ಹೇಳಿದ್ದನ್ನು ಹಾಗೆಯೇ ಬರೆಯಿರಿ, ತಿದ್ದಬೇಡಿ ಅಂತ ಕೇಳಿಕೊಂಡಿದ್ದೇನೆ. ಅವರದ್ದು ಮನೆಯಲ್ಲಿ ತುಳು, ಕಲಿತದ್ದು ಕನ್ನಡ ಅಕ್ಷರ. ಹಾಗಾಗಿ ಉತ್ತರದಲ್ಲಿ ಎರಡೂ ಕಲಸಿಕೊಂಡು ಬರುತ್ತವೆ. ನಾನೂ ಶುರುವಿಗೆ 'ಎಂಚ ಉಲ್ಲರ್' (ತುಳುವಿನಲ್ಲಿ 'ಹೇಗಿದ್ದೀರಿ') ಅಂತ ಒಂದು ಸಾಲು ಹಾಕುತ್ತೇನೆ. ಅದು ಬರೀ ನಮಸ್ಕಾರದ ಹಾಗೆ, ಆ ಎರಡು ಪ್ರಶ್ನೆಗಳ ಲೆಕ್ಕಕ್ಕೆ ಸೇರುವುದಿಲ್ಲ.

ಅಂಚೆಯ ವಿಷಯ ಸುಲಭ. ಪೋಸ್ಟ್ ಕಾರ್ಡ್ ಅಗ್ಗ, ಆದರೆ ದಾರಿಯಲ್ಲಿ ಎಲ್ಲರೂ ಓದಬಹುದು. ಇನ್‌ಲ್ಯಾಂಡ್ ಲೆಟರ್ ಬಿಡಿಸುವಾಗ ಹರಿಯುತ್ತದೆ. ನಾನು ಕವರಿನಲ್ಲೇ ಕಳಿಸುತ್ತೇನೆ. ಒಳಗೆ ನನ್ನ ವಿಳಾಸ ಬರೆದು ಸ್ಟ್ಯಾಂಪ್ ಹಚ್ಚಿದ ಇನ್ನೊಂದು ಕವರನ್ನು ಮಡಚಿ ಇಡುತ್ತೇನೆ. ವಿಳಾಸ ನನ್ನ ಆಫೀಸಿನದ್ದು, ಅವರದ್ದು ಕೇಂದ್ರದ್ದು. ಮನೆ ವಿಳಾಸ, ಫೋನ್ ನಂಬರ್, ದುಡ್ಡು ಇವು ನಮ್ಮಿಬ್ಬರ ನಡುವೆ ಇಲ್ಲ ಅಂತ ಮೊದಲೇ ಮಾತಾಗಿದೆ. ಯಾರೋ ಹೊಡೆದರು, ಹೆದರಿಸಿದರು ಅಂತ ಪತ್ರದಲ್ಲಿ ಬಂದರೆ ಕೇಂದ್ರದವರಿಗೆ ಹೇಳುತ್ತೇನೆ ಅಂತಲೂ ಅವರಿಗೆ ಗೊತ್ತು. ಗುಟ್ಟು ಕಾಪಾಡುತ್ತೇನೆ ಅಂತ ಮಾತು ಕೊಡಲೇಬಾರದು.

ಅವರ ತಂದೆ ತೀರಿಕೊಂಡಾಗ ತಕ್ಷಣ ಪೆನ್ನು ಹಿಡಿಯಲಿಲ್ಲ. ಮೊದಲು ಟೀಚರಿಗೆ ಫೋನ್ ಮಾಡಿ, ಅವರಿಗೆ ಏನು ಹೇಳಿದ್ದೀರಿ ಅಂತ ಕೇಳಿದೆ. ಯಾರೋ ನೆಂಟರು "ಅಪ್ಪ ದೂರದ ಊರಿಗೆ ಹೋಗಿದ್ದಾರೆ" ಅಂದುಬಿಟ್ಟಿದ್ದರು. ಇವರು ಸಂಜೆ ಬಸ್ಸಿಗೆ ಕಾಯುತ್ತಿದ್ದರಂತೆ. ಟೀಚರೂ ತಾಯಿಯೂ ಕೂತು ನಿಜ ಹೇಳಿದ ಮೇಲೆ ನಾನು ಬರೆದೆ. "ನಿಮ್ಮ ಅಪ್ಪ ಸತ್ತರು. ನನಗೆ ಬೇಸರವಾಯಿತು. ಅವರು ವಾಪಸ್ ಬರುವುದಿಲ್ಲ. ಅವರ ಬಗ್ಗೆ ನನಗೆ ಹೇಳಿ." ಆ ತಿಂಗಳು ಪ್ರಶ್ನೆ ಕೇಳಲಿಲ್ಲ. ಅವರು ಅಪ್ಪನ ಸೈಕಲ್ಲಿನ ಚಿತ್ರ ಬರೆದು ಕಳಿಸಿದರು.

ನಿಮಗೂ ಮನಸ್ಸಿದ್ದರೆ ಹತ್ತಿರದ ಕೇಂದ್ರಕ್ಕೆ ಹೋಗಿ ಕೇಳಿ. ಒಂದು ವರ್ಷ ಬಿಡದೆ ಬರೆಯಲು ಆಗುತ್ತದಾ ಅಂತ ಮೊದಲು ನೋಡಿಕೊಳ್ಳಿ. ಕೇಂದ್ರದಲ್ಲಿ ಕಾಗದ ಬರುವ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವವರು ಇರುತ್ತಾರೆ. ನಿಲ್ಲಿಸಲೇಬೇಕಾಗಿ ಬಂದರೆ ಸುಮ್ನೆ ಮಾಯವಾಗಬೇಡಿ. ಎರಡು ತಿಂಗಳು ಮೊದಲೇ ತಿಳಿಸಿ, ಕೊನೆಯದರಲ್ಲಿ 'ಇದು ನನ್ನ ಕೊನೆಯ ಪತ್ರ' ಅಂತ ನೇರವಾಗಿ ಬರೆಯಿರಿ. ಮುಂದೆ ಬರೆಯುವವರು ಸಿಕ್ಕಿದ್ದರೆ ಅವರ ಫೋಟೋವನ್ನೂ ಅದೇ ಕವರಿನಲ್ಲಿ ಇಡಿ.